ನಮ್ಮ ಕರಿ ಉಣ್ಣೆಗೆ ಮೂರು ಚೀಲ ಬೇಕು



ಕಳೆದ ಸಭೆಯಲ್ಲಿ ಸಂಘದ ಖರ್ಚು-ವೆಚ್ಚ ಓದುತ್ತಿದ್ದೆವು. ಸನ್ಮಾನದ ಶಾಲುಗಳ ಲೆಕ್ಕ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಕುರಿ ನಮ್ಮ ಊರಾಗ ಅದಾವ, ಶಾಲು ಪ್ಯಾಟಿಯಿಂದ ಬರತಾವ. ಅದರಾಗ ಉಣ್ಣಿ ಒಂದ ಎಳಿನೂ ಇಲ್ಲ. ಇದೇನ್ರಿ ಕಾರ್ಯದರ್ಶಿಗಳ?" ಎಂದು ಕೇಳಿದರು. ಸಭೆ ನಕ್ಕಿತು. ನಮಗೆ ಗುಮಾಸ್ತಿಕೆಯ ಹಳೆಯ ಚಟ. ನಕ್ಕ ಮಾತನ್ನೂ ನಡಾವಳಿಯಲ್ಲಿ ಬರೆದುಕೊಂಡೆವು. ಬರೆದ ಮೇಲೆ ಉತ್ತರ ಕೊಡಲೇಬೇಕಲ್ಲ. ಆ ಉತ್ತರ ಹುಡುಕುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಹೋದದ್ದು ಭೀಮಾ ದಂಡೆಯ ಕಡೆ ಕುರಿ ನಿಲ್ಲಿಸಿದ್ದ ಒಂದು ಹೊಲಕ್ಕೆ. ಅಂದು ಕುರಿ ಕತ್ತರಿಸುವ ಕೆಲಸ ನಡೆದಿತ್ತು. ಕತ್ತರಿಸಿದ ಉಣ್ಣೆ ಬದುವಿನ ಜಾಲಿಕಂಟಿಯ ಬುಡದಲ್ಲಿ ಕರ್ರಗೆ ಗುಪ್ಪೆ ಬಿದ್ದಿತ್ತು. "ಮುತ್ಯಾ, ಇದನ್ನ ಯಾರು ಒಯ್ಯತಾರ?" ಎಂದು ಕೇಳಿದೆವು. "ಯಾರೂ ಒಯ್ಯೂದಿಲ್ರಿ ಸಾಹೇಬ್ರ. ಕತ್ತರಿಸಿದವಗ ಕೊಡೂ ಕೂಲಿನೂ ಇದನ್ನ ಮಾರಿದ್ರ ಹುಟ್ಟೂದಿಲ್ಲ. ಕತ್ತರಿಸದೆ ಬಿಟ್ರ ಕುರಿಗಿ ಹೇನು, ಉಣ್ಣಿಹುಳ. ಅದಕ್ಕ ಕತ್ತರಿಸೂದು, ಒಗಿಯೂದು" ಎಂದರು ಮುತ್ಯಾ. ಮಳೆ ಬಂದರೆ ಅದು ಅಲ್ಲೇ ಕೊಳೆಯುತ್ತದೆ, ಇಲ್ಲವೆ ಬೆಂಕಿಗೆ ಹೋಗುತ್ತದೆ. ಅವರ ಹೆಗಲ ಮೇಲಿದ್ದದ್ದು ಗಿರಣಿಯ ಹೂವಿನ ರಗ್ಗು.

ನಮ್ಮ ಭಾಗದ ಕುರಿಯನ್ನು ದಖನಿ ಕುರಿ ಎನ್ನುತ್ತಾರೆ. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳ ಒಣ ಸೀಮೆಯಲ್ಲೆಲ್ಲ ಇದೇ ತಳಿ. ಹೆಚ್ಚಾಗಿ ಕಪ್ಪು, ಕೆಲವು ಕಪ್ಪು-ಬಿಳಿ. ದಿನವಿಡೀ ನಡೆಯುತ್ತದೆ, ಕುರುಚಲು ಮೇಯುತ್ತದೆ. ಉಣ್ಣೆ ಮಾತ್ರ ವರ್ಷಕ್ಕೆ ಒಂದು ಕುರಿಗೆ ಒಂದು ಕಿಲೋಕ್ಕಿಂತ ಕಡಿಮೆ. ಅದೂ ಉರುಟು. ಉಣ್ಣೆಯ ಎಳೆಯ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ; ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನು. ಸ್ವೆಟರಿಗೆ ಬಳಸುವ ಆಸ್ಟ್ರೇಲಿಯದ ಮೆರಿನೊ ಉಣ್ಣೆ 20 ಮೈಕ್ರಾನಿನ ಆಸುಪಾಸು ಇರುತ್ತದೆ. ನಮ್ಮದು ಸುಮಾರಾಗಿ ಅದರ ಎರಡು ಪಟ್ಟು. ಮೇಲಾಗಿ ಇದರಲ್ಲಿ ಒಳಗೆ ಪೊಳ್ಳಾದ ಬಿರುಸು ಕೂದಲು ಬೆರೆತಿರುತ್ತದೆ, ಅದೇ ಚುಚ್ಚುವುದು. ಕಪ್ಪಿಗೆ ಬಣ್ಣ ಹತ್ತುವುದಿಲ್ಲ. ಆದ್ದರಿಂದ ಸ್ವೆಟರು-ಶಾಲಿನ ಗಿರಣಿಗಳ ಲೆಕ್ಕದಲ್ಲಿ ಇದು ಉಣ್ಣೆಯೇ ಅಲ್ಲ. ಇಲ್ಲಿಯ ಉಣ್ಣೆ ಬದುವಿನ ಮೇಲೆ ಕೊಳೆಯುತ್ತಿರುವಾಗ ದೇಶಕ್ಕೆ ಹೊರಗಿನಿಂದ ನಯವಾದ ಉಣ್ಣೆ ಬರುತ್ತಿದೆ.

ಆದರೆ ನಮ್ಮ ಹಿರಿಯರು ಇದರಿಂದ ಸ್ವೆಟರು ಮಾಡಲು ಹೋಗಿರಲೇ ಇಲ್ಲ. ಅವರು ಮಾಡಿದ್ದು ಕಂಬಳಿ. ಮರಾಠಿಯಲ್ಲಿ ಘೋಂಗಡಿ, ತೆಲುಗಿನಲ್ಲಿ ಗೊಂಗಡಿ.

ಕಂಬಳಿ ಹೇಗೆ ಆಗುತ್ತದೆ ಎಂಬುದು ನಮ್ಮ ಎಳೆಯ ಓದುಗರಿಗೆ ಗೊತ್ತಿರಲಾರದು, ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ಕತ್ತರಿಸುವ ಮೊದಲು ಕುರಿಗಳನ್ನು ಹೊಳೆಯಲ್ಲಿ ಮೀಯಿಸುತ್ತಾರೆ. ಕತ್ತರಿಸಿದ ಉಣ್ಣೆಯಲ್ಲಿಯ ಮುಳ್ಳು, ಹಿಕ್ಕೆ ಕೈಯಿಂದ ಆರಿಸಿ, ಬಿಲ್ಲಿನ ನಾರಿಗೆ ತಾಗಿಸಿ ಬಡಿಯುತ್ತಾರೆ; ಗಂಟು ಬಿಟ್ಟು ಉಣ್ಣೆ ಹೂವಿನಂತೆ ಅರಳುತ್ತದೆ. ಅದನ್ನು ಹೆಣ್ಣುಮಕ್ಕಳು ರಾಟಿಯ ಮೇಲೆ ನೂಲುತ್ತಾರೆ. ಮಗ್ಗದ ಕೆಲಸ ಗಂಡಸರದು ಎಂದು ಹೇಳುವ ರೂಢಿ, ಆದರೆ ಒಂದು ಕಂಬಳಿಗೆ ಹಿಡಿಯುವ ದಿನಗಳಲ್ಲಿ ಹೆಚ್ಚಿನವು ಈ ನೂಲುವ ಕೈಗಳವೇ. ಸನ್ಮಾನ ಮಾಡುವಾಗ ನೇಕಾರರನ್ನು ಕರೆಯುತ್ತೇವೆ, ನೂಲುವ ಆಯಿಯನ್ನು ಯಾರೂ ಕರೆದದ್ದು ನಾವು ನೋಡಿಲ್ಲ. ನಮ್ಮ ಸಂಘವೂ ಕರೆದಿಲ್ಲ.

ನೂಲನ್ನು ಹಾಸಾಗಿ ಉದ್ದಕ್ಕೆ ಕಟ್ಟಿದ ಮೇಲೆ ಹುಣಸೆಬೀಜದ ಕೆಲಸ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಯಿಟ್ಟು, ಅರೆದು, ಕುದಿಸಿ ಅಂಟಿನಂಥ ಸರಿ ಮಾಡುತ್ತಾರೆ. ಅದನ್ನು ಕುಂಚದಿಂದ ಹಾಸಿಗೆ ಸವರಿ ಒಣಗಿಸುತ್ತಾರೆ. ಉರುಟು ಉಣ್ಣೆಯ ನೂಲು ಮಗ್ಗದ ಎಳೆತಕ್ಕೆ ಹರಿಯದಂತೆ ತಡೆಯುವುದು ಈ ಸರಿ. ಆಮೇಲೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಹೊಕ್ಕು ಹೊಡೆಯುವುದು. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುತ್ತದೆ. ಬಳಸಿದಂತೆ ಮೆತ್ತಗಾಗುತ್ತದೆ. ಮಹಾರಾಷ್ಟ್ರದಲ್ಲಿ ಇದನ್ನು ನೇಯುವವರು ಸನಗರ ಸಮಾಜದವರು ಮತ್ತು ಖುಟೇಕರ ಧನಗರರು. ಹೊಳೆಯಾಚೆ ಹಾಲುಮತದ ಕುರುಬರು. ಮೇದಲೇರಿ, ಚಳ್ಳಕೆರೆಗಳ ಕಂಬಳಿಯ ಹೆಸರು ನಮ್ಮ ಕಡೆಯವರೂ ಕೇಳಿರುತ್ತಾರೆ.

ಕುರಿ ಕಾಯುವವನ ಮಟ್ಟಿಗೆ ಕಂಬಳಿಯೇ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ, ಹೊಸ ಮರಿ ಹೊರುವ ಜೋಳಿಗೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ಪಸೆಯನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಕಿಡಿ ಬಿದ್ದರೆ ಭುಗ್ಗೆಂದು ಹತ್ತುವುದಿಲ್ಲ, ಅಷ್ಟು ಜಾಗ ಕರಟಿ ನಿಲ್ಲುತ್ತದೆ. ಪಾಲಿಯೆಸ್ಟರಿನ ರಗ್ಗು ಕರಗಿ ಮೈಗೆ ಅಂಟುತ್ತದೆ. ಕಂಬಳಿಯ ಹತ್ತಿರ ಹಾವು-ಚೇಳು ಸುಳಿಯುವುದಿಲ್ಲ ಎಂದೂ ಹೇಳುತ್ತಾರೆ; ಚೇಳನ್ನು ಕೇಳಿ ನೋಡಿದವರಿಲ್ಲ.

ಬಳಕೆಗಿಂತ ದೊಡ್ಡದು ಅದರ ಮಾನ. ಕಂಬಳಿ ಹಾಸಿದರೆ ಅದೇ ಗದ್ದುಗೆ, ದೇವರನ್ನು ಅದರ ಮೇಲೆಯೇ ಕೂಡಿಸುವುದು. ಹಾಲುಮತದಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂದು ಎರಡು ಕವಲುಗಳೇ ಇವೆ. ಮದುವೆಯಲ್ಲಿ ಕೈಗೆ ಕಟ್ಟುವ ದಾರದಿಂದ ಬಂದ ಹೆಸರು. ದೀಪಾವಳಿಗೆ ಮಂಗಳವೇಢಾ ತಾಲೂಕಿನ ಹುಲಜಂತಿಗೆ ಹೋದವರಿಗೆ ಗೊತ್ತು: ಮಾಳಿಂಗರಾಯನ ಜಾತ್ರೆಯಲ್ಲಿ ಪಲ್ಲಕ್ಕಿಗಳ ಭೇಟಿಯಾಗುವಾಗ ಭಂಡಾರ, ಡೊಳ್ಳು, ಕಂಬಳಿ ಇವು ಮೂರೂ ಕೂಡಿಯೇ ಇರುತ್ತವೆ. ಈಗ ಅಲ್ಲಿಯೂ ಗಿರಣಿಯ ರಗ್ಗು ಹೊದ್ದವರೇ ಹೆಚ್ಚು. ಪಾಣಿಪತ್ತಿನಲ್ಲಿ ಹಳೆಯ ಬಟ್ಟೆಯನ್ನು ಅರೆದು ಮತ್ತೆ ನೂಲು ತೆಗೆದು ಮಾಡಿದ ಕಂಬಳಿ ನಿಜವಾದ ಕಂಬಳಿಗಿಂತ ಎಷ್ಟೋ ಅಗ್ಗ, ತೊಳೆಯಲಿಕ್ಕೂ ಸುಲಭ. ಬಡವರು ಅದನ್ನು ಕೊಂಡರೆ ತಪ್ಪು ಹೇಳಲಾಗದು.

ಇನ್ನೊಂದು ಕಾರಣ ನಮ್ಮ ಹೊಲದಲ್ಲೇ ಇದೆ. 1980 ರಲ್ಲಿ ಉಜನಿ ಅಣೆಕಟ್ಟು ಮುಗಿದ ಮೇಲೆ ಭೀಮಾ ದಂಡೆಗೆ ಕಬ್ಬು ಬಂತು. ನಮ್ಮ ಮನೆಗಳು ಪಕ್ಕಾ ಆದದ್ದು ಆ ಕಬ್ಬಿನಿಂದಲೇ, ಅದನ್ನು ಬೈಯುವುದಿಲ್ಲ. ಆದರೆ ಕುರಿ ಮೇಯುವ ಬೀಳು ಕಡಿಮೆಯಾಯಿತು. ಇದ್ದ ಕುರಿಯಿಂದ ಹೆಚ್ಚು ಮಾಂಸ ಬರಲೆಂದು ಜತ್ತ ತಾಲೂಕಿನ ಮಾಡಗ್ಯಾಳ ಟಗರು ಬಿಡುವುದು ರೂಢಿಯಾಯಿತು. ಎತ್ತರದ ಕುರಿ, ಗಿಣಿಮೂಗು, ಒಳ್ಳೆಯ ದರ. ಮೈಮೇಲೆ ಉಣ್ಣೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಉಣ್ಣೆಗೆ ಬೆಲೆ ಇಲ್ಲದಿದ್ದರೆ ಉಣ್ಣೆಯ ಕುರಿಯನ್ನು ಯಾರು ಸಾಕುತ್ತಾರೆ? ಈಗ ಬದುವಿಗೆ ಒಗೆಯುತ್ತಿರುವ ಉಣ್ಣೆ ಮುಂದೆ ಬೇಕೆಂದರೂ ಸಿಗದ ಕಾಲ ಬರಬಹುದು. ನಮ್ಮ ಚಿಂತೆ ಇರುವುದು ಇಲ್ಲಿ.

ಇದು ನಮ್ಮೊಬ್ಬರ ಪಾಡಲ್ಲ. 2020 ರ ಕೊರೊನಾ ವರ್ಷದಲ್ಲಿ ಇಂಗ್ಲೆಂಡಿನ ರೈತರೂ ದರ ಬಿದ್ದು ಉಣ್ಣೆಯನ್ನು ಸುಟ್ಟರು, ತಿಪ್ಪೆಗೆ ಹಾಕಿದರು. ನಮ್ಮ ದೇಶದಲ್ಲಿ ದೇಸಿ ಊನ್ ಎಂಬ ಹೆಸರಿನಲ್ಲಿ ಸ್ಥಳೀಯ ಉಣ್ಣೆಯ ಕೆಲಸ ಮಾಡುವವರು ಒಂದುಗೂಡಿದ್ದಾರೆ. ಅದೇ ಹೆಸರಿನ ಕಿರುಚಿತ್ರಕ್ಕೆ 2025 ರಲ್ಲಿ ಫ್ರಾನ್ಸಿನ ಆನೆಸಿ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಅದರಲ್ಲಿ ಕಥೆ ಹೇಳುವುದು ನಮ್ಮ ದಖನಿ ಕುರಿಯೇ. ಮೊಮ್ಮಕ್ಕಳ ಮೊಬೈಲಿನಲ್ಲಿ ನೋಡಿರಿ.

ಈಗ ನಾವೇ ಮಾಡಿ ನೋಡಿದ ಮಾತು. ಇವನ್ನು ಪ್ರಯೋಗ ಎನ್ನುವುದು ದೊಡ್ಡ ಮಾತಾದೀತು. ಒಂದು ಬಚತ ಗಟದ ತಾಯಂದಿರ ಜೊತೆ ಕೂತು ಉಣ್ಣೆಯ ಹಾಸು ಮಾಡಿದೆವು. ನೂಲುವುದು ಬೇಡ, ನೇಯುವುದು ಬೇಡ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸಣ್ಣ ಪರೆಗಳಿರುತ್ತವೆ. ಬಿಸಿನೀರು, ಸಾಬೂನು, ಒತ್ತಡ ಬಿದ್ದರೆ ಪರೆಗಳು ಒಂದಕ್ಕೊಂದು ಸಿಕ್ಕಿ ಗಟ್ಟಿಯಾಗುತ್ತವೆ. ಪಿಂಜಾರ-ನದಾಫ ಮನೆತನದವರು ಹೀಗೆ ಮಾಡುತ್ತಿದ್ದ ಹಾಸಿಗೆ ಜೇನ ಎಂಬ ಹೆಸರಿದೆ. ಬಡಿದ ಉಣ್ಣೆಯನ್ನು ಹಳೆಯ ಸೀರೆಯ ಮೇಲೆ ಅಡ್ಡಡ್ಡ, ಉದ್ದುದ್ದ ಪದರಾಗಿ ಹರವಿ, ಸಾಬೂನಿನ ನೀರು ಚಿಮುಕಿಸಿ, ಸುರುಳಿ ಸುತ್ತಿ ಕಾಲಿನಿಂದ ಉರುಳಿಸುವುದು. ಮೊದಲನೆಯದು ಬಿಚ್ಚುವಾಗಲೇ ಹರಿಯಿತು, ಅವಸರ ಮಾಡಿದ್ದೆವು. ಎರಡನೆಯದು ನಿಂತಿತು. ಹುರುಪಿನಿಂದ ಅದನ್ನು ಒಂದು ಶಾಲೆಯ ಮಕ್ಕಳಿಗೆ ಕೂಡಲು ಕೊಟ್ಟೆವು. ಚಡ್ಡಿ ಹಾಕಿದ ಹುಡುಗರು ಎರಡು ನಿಮಿಷ ಕೂಡಲಿಲ್ಲ, ತೊಡೆ ಕೆರೆದುಕೊಂಡು ಎದ್ದರು. ಗುರುಗಳು ನಗುತ್ತ ಮರಳಿ ಕಳಿಸಿದರು.

ಅದೇ ಹಾಸನ್ನು ಸದಸ್ಯರೊಬ್ಬರ ಪತ್ರಾ ಮನೆಯ ಮಾಡಿನ ಕೆಳಗೆ ಹಗ್ಗದಿಂದ ಬಿಗಿದೆವು. ಚೈತ್ರದ ಮಧ್ಯಾಹ್ನ ಆ ಮೂಲೆಯಲ್ಲಿ ಕುಳಿತರೆ ಬಿಸಿಲಿನ ಝಳ ಕಡಿಮೆ ಎನಿಸಿತು, ಮಳೆಯ ಸದ್ದೂ ಅಷ್ಟು ಕೇಳಲಿಲ್ಲ. ಹೊರದೇಶಗಳಲ್ಲಿ ಮನೆಯ ಗೋಡೆ, ಮಾಡಿಗೆ ಉರುಟು ಉಣ್ಣೆ ತುಂಬುವುದು ಈಗ ಒಂದು ವ್ಯಾಪಾರವೇ ಆಗಿದೆ. ನುಸಿ ಹಿಡಿಯದಂತೆ ಬೋರಾಕ್ಸ್ ಹಾಕುತ್ತಾರೆ. ನಾವು ಬೇವಿನೆಲೆ ಹಾಕಿದ್ದೇವೆ, ಅದನ್ನು ಆಗಾಗ ಬದಲಿಸಬೇಕಾಗುತ್ತದೆ.

ಕಸದಂಥ ಉಣ್ಣೆಯನ್ನು, ಅಂದರೆ ಹೊಟ್ಟೆ-ಕಾಲಿನ ತುಂಡು, ಹಿಕ್ಕೆ ಹತ್ತಿದ್ದು, ಇದನ್ನು ಲಿಂಬೆ ಸಸಿಗಳ ಬುಡಕ್ಕೆ ಹಾಸಿದೆವು. ನೀರು ಬಿಟ್ಟು ಕೆಲ ದಿನಗಳಾದರೂ ಕೆಳಗಿನ ಮಣ್ಣಿನಲ್ಲಿ ಹಸಿ ಇತ್ತು. ಶುದ್ಧ ಉಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ಸಾರಜನಕವಿದೆ, ತಿಂಗಳುಗಟ್ಟಲೆ ನಿಧಾನವಾಗಿ ಕರಗಿ ಗೊಬ್ಬರವಾಗುತ್ತದೆ. ಯುರೋಪು, ಅಮೆರಿಕಗಳಲ್ಲಿ ಇದನ್ನು ಗುಳಿಗೆ ಮಾಡಿ ಮಾರುತ್ತಾರೆ. ತೊಂದರೆಯೂ ಆಯಿತು. ಉಣ್ಣೆಗೆ ಅಂಟಿಕೊಂಡಿದ್ದ ಕಳೆಯ ಬೀಜವೆಲ್ಲ ಅಲ್ಲೇ ಮೊಳೆಯಿತು. ಕಾಗೆಗಳು ಗೂಡಿಗೆಂದು ಎಳೆದೊಯ್ದವು, ಮೇಲೆ ಕಲ್ಲು ಇಡಬೇಕಾಯಿತು. ದಾಳಿಂಬೆಗೆ ಇದು ಸರಿಹೋಗುವುದೇ ಎಂದು ಸೋಲಾಪುರದ ಕೇಗಾವದಲ್ಲಿರುವ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರನ್ನು ಕೇಳಿ ಪತ್ರ ಬರೆಯಲಿದ್ದೇವೆ. ಉತ್ತರ ಬರುವ ತನಕ ದಾಳಿಂಬೆಗೆ ಯಾರೂ ಹಾಕಬೇಡಿರಿ.

ಇಷ್ಟರಿಂದ ನಮಗೆ ತಿಳಿದದ್ದು ಒಂದೇ: ಉಣ್ಣೆಯನ್ನೆಲ್ಲ ಒಂದೇ ಚೀಲಕ್ಕೆ ತುಂಬುವುದೇ ಮೊದಲ ತಪ್ಪು. ಕಚೇರಿಯಲ್ಲಿ ಕಾಗದ ವಿಂಗಡಿಸದೆ ಕಟ್ಟಿಟ್ಟರೆ ಬೇಕಾದದ್ದೂ ರದ್ದಿಯ ಜೊತೆ ಹೋಗುತ್ತದೆ, ಇಲ್ಲೂ ಹಾಗೇ. ಕಂಬಳಿ ನೇಯುವವರು ಅತಿ ಮೆಚ್ಚುವುದು ಮರಿಯ ಮೊದಲ ಕತ್ತರಿಯ ಉಣ್ಣೆ, ಅದು ಮೆತ್ತಗೆ, ಎಳೆ ಸಣ್ಣದು. ಅದು ಕಸದ ಜೊತೆ ಬೆರೆತರೆ ಇಡೀ ಚೀಲಕ್ಕೆ ಕಸದ ದರ. ಆದ್ದರಿಂದ ಕತ್ತರಿಸುವ ಜಾಗದಲ್ಲೇ ಮೂರು ಚೀಲ ಇಡಬೇಕು. ಮರಿ ಉಣ್ಣೆ ಮತ್ತು ಬೆನ್ನಿನ ಉದ್ದ ಎಳೆಯ ಉಣ್ಣೆ ಒಂದರಲ್ಲಿ, ಅದು ನೇಕಾರರಿಗೆ. ಗಿಡ್ಡ ಎಳೆಯದು ಎರಡನೆಯದರಲ್ಲಿ, ಹಾಸಿಗೆ. ಉಳಿದದ್ದು ಮೂರನೆಯದರಲ್ಲಿ, ಗಿಡದ ಬುಡಕ್ಕೆ. ಹಾಸು, ಗೊಬ್ಬರಗಳಿಂದ ಯಾರ ಮನೆಯೂ ನಡೆಯಲಾರದು, ಆ ಆಸೆ ತೋರಿಸುವುದಿಲ್ಲ. ಕತ್ತರಿಸುವ ಕೂಲಿ ಹುಟ್ಟಿದರೆ ಸಾಕು, ಉಣ್ಣೆ ಬದುವಿಗೆ ಬೀಳುವುದಿಲ್ಲ, ಒಳ್ಳೆಯದು ಮಗ್ಗಕ್ಕೆ ಮುಟ್ಟುತ್ತದೆ. ಮುತ್ಯಾನ ಹಿಂಡಿನಲ್ಲಿ ಮುಂದಿನ ಕತ್ತರಿಗೆ ಮೂರು ಚೀಲ ಇಡಲು ಅವರು ಒಪ್ಪಿದ್ದಾರೆ. "ಚೀಲ ನಿಮ್ಮವು ಆದ್ರ ಇಡತೀನಿ" ಎಂದಿದ್ದಾರೆ. ಚೀಲ ನಮ್ಮವೇ.

ಕನ್ನಡ ಸಂಘಕ್ಕೆ ಕುರಿಯ ಉಸಾಬರಿ ಯಾಕೆ ಎಂದು ಕೇಳುವವರೂ ಇದ್ದಾರೆ. ಹಾಸು, ಹೊಕ್ಕು, ತುಪ್ಪಟ, ಕೊಪ್ಪೆ, ಕುಣಿಮಗ್ಗ, ಲಾಳಿ ಈ ಮಾತುಗಳನ್ನು ನಮ್ಮೂರ ಹತ್ತು ಮಕ್ಕಳಿಗೆ ಕೇಳಿದೆವು. ಕಂಬಳಿ ಒಂದನ್ನು ಬಿಟ್ಟು ಯಾವುದೂ ಅವರಿಗೆ ಗೊತ್ತಿರಲಿಲ್ಲ. "ಲಾಳಿ ಎತ್ತಿನ ಕಾಲಿಗಿ ಬಡಿತಾರ" ಎಂದ ಒಬ್ಬ, ಅದೂ ತಪ್ಪಲ್ಲ. ಇನ್ನೂ ನೂಲುವ, ನೇಯುವ ಮಾತು ಬಲ್ಲವರ ಹತ್ತಿರ ಕೂತು ಬರೆದುಕೊಳ್ಳುವ ಕೆಲಸ ಈ ವರ್ಷ ಸಂಘದ್ದು.

ರಾಜ್ಯೋತ್ಸವದ ಸನ್ಮಾನಕ್ಕೆ ಈ ಸಲ ಶಾಲು ಇಲ್ಲ. ಖರ್ಚು ಅಷ್ಟೇ ಇಟ್ಟು, ಸನ್ಮಾನಿತರ ಸಂಖ್ಯೆ ಕಡಿಮೆ ಮಾಡಿ, ಕೈಮಗ್ಗದ ಕಂಬಳಿ ಹೊದಿಸುವುದೆಂದು ಕಾರ್ಯಕಾರಿ ಮಂಡಳಿ ಒಪ್ಪಿದೆ. ಮೊದಲ ಕಂಬಳಿ ನೂಲುವ ಒಬ್ಬ ಆಯಿಗೆ. ಅದಕ್ಕೂ ಮೊದಲು ಒಂದು ದಿನ ಉಣ್ಣೆ ಆರಿಸುವುದು, ಬಡಿಯುವುದು, ಹಾಸು ಮಾಡುವುದು ಎಲ್ಲವನ್ನೂ ಮಾಡಿ ತೋರಿಸುವ ಕಾರ್ಯಕ್ರಮ ಇಟ್ಟುಕೊಳ್ಳುತ್ತೇವೆ. ದಿನಾಂಕವನ್ನು ಇದೇ ಪುಟದಲ್ಲಿ ತಿಳಿಸುತ್ತೇವೆ. ಬರುವವರು ಮನೆಯಲ್ಲಿರುವ ಹಳೆಯ ಕಂಬಳಿ, ರಾಟಿ, ಲಾಳಿ, ಕತ್ತರಿ ಏನಿದ್ದರೂ ತನ್ನಿರಿ. ಹೆಸರು ಬರೆದ ಚೀಟಿ ಕಟ್ಟಿರಿ, ಸಂಜೆ ಮರಳಿ ಒಯ್ಯಿರಿ. ಕಂಬಳಿಯನ್ನು ತೊಳೆದು ತರಬೇಡಿರಿ, ಜಾಡಿಸಿ ತಂದರೆ ಸಾಕು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಭಂಡಾರಕವಠೆ