ಮುಂದಿನ ತಿಂಗಳು ಬಾರದವರನ್ನು ಯಾರು ವಿಚಾರಿಸುತ್ತಾರೆ?



ನಾನು ಮನೋವೈದ್ಯ. ಈ ಕೊಲ್ಲಿ ನಾಡಿಗೆ ಬರುವ ಮೊದಲು ಕೆಲವು ವರ್ಷ ಊರಿನ ತಾಲೂಕು ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿದವನು. ಸೌಲಭ್ಯ ಕಡಿಮೆ ಇರುವ ಕಡೆ ಮಾನಸಿಕ ಆರೋಗ್ಯ ಸೇವೆಯ ಗುಣಮಟ್ಟ ಹೆಚ್ಚಿಸುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ಕೇಳಿದ್ದಾರೆ. ಒಂದು ಮನೆಯ ವಿಷಯದಿಂದಲೇ ಶುರು ಮಾಡುತ್ತೇನೆ.

ಆ ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ತಮ್ಮ ನಿಮ್ಮ ಹಾಗೆ ಕೊಲ್ಲಿಯಲ್ಲಿ ಎಸಿ ಮೆಕ್ಯಾನಿಕ್. ಅಣ್ಣನಿಗೆ ಸ್ಕಿಜೋಫ್ರೇನಿಯಾ. ತಿಂಗಳಿಗೊಂದು ಮಂಗಳವಾರ ತಾಯಿ ಅವನನ್ನು ಬಸ್ಸಿನಲ್ಲಿ ಕರೆತಂದು ಇಂಜೆಕ್ಷನ್ ಹಾಕಿಸಿಕೊಂಡು ಹೋಗುತ್ತಿದ್ದರು. ಮೂರು ವರ್ಷ ಚೆನ್ನಾಗಿದ್ದ, ಅಡಿಕೆ ಸುಲಿಯುವ ಕೆಲಸಕ್ಕೂ ಹೋಗುತ್ತಿದ್ದ. ಒಂದು ತಿಂಗಳು ಇಂಜೆಕ್ಷನ್ ಇರಲಿಲ್ಲ. "ಸ್ಟಾಕ್ ಬಂದಿಲ್ಲಮ್ಮ, ಮುಂದಿನ ವಾರ ಬನ್ನಿ" ಅಂದೆವು. ಮುಂದಿನ ವಾರವೂ ಬಂದಿರಲಿಲ್ಲ. ಮೂರನೆಯ ಸಲ ತಾಯಿ ಬರಲಿಲ್ಲ. ಬಂದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಅವರು ಯಾಕೆ ಬರಲಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅವನು ಊಟ, ನಿದ್ದೆ ಬಿಟ್ಟು, ಹೆತ್ತ ತಾಯಿಯ ಮೇಲೇ ಅನುಮಾನಪಟ್ಟು ಕೋಣೆಯ ಬಾಗಿಲು ಹಾಕಿಕೊಂಡ. ತಮ್ಮ ಇಲ್ಲಿ ಸಾಲ ಮಾಡಿ ಹಣ ಕಳಿಸಿ, ಅಣ್ಣನನ್ನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಗುಣ ಕಂಡಿತು. ಆದರೆ ಅಲ್ಲಿ ಕೊಟ್ಟದ್ದೂ ಹೆಚ್ಚುಕಡಿಮೆ ನಮ್ಮಲ್ಲಿ ಸಿಗುತ್ತಿದ್ದ ಔಷಧವೇ.

ಗುಣಮಟ್ಟ ಅಂದರೆ ದೊಡ್ಡ ಕಟ್ಟಡ, ದೊಡ್ಡ ಡಾಕ್ಟರು, ದುಬಾರಿ ಮಾತ್ರೆ ಎಂದು ನಾವೆಲ್ಲ ತಿಳಿದಿದ್ದೇವೆ. ಈ ಮನೆಯನ್ನು ನೋಡಿದ ಮೇಲೆ ನಾನು ಅದನ್ನು ಅಳೆಯುವ ರೀತಿ ಬದಲಾಯಿತು. ಹೋದ ತಿಂಗಳು ಬಂದವರು ಈ ತಿಂಗಳೂ ಬಂದರೇ? ಬರದಿದ್ದರೆ ಯಾರಾದರೂ ಹೋಗಿ ವಿಚಾರಿಸಿದರೇ? ಈ ಎರಡು ಪ್ರಶ್ನೆಗೆ ಉತ್ತರ ಇರುವ ಆಸ್ಪತ್ರೆ, ಗೋಡೆಗೆ ಬಣ್ಣ ಇಲ್ಲದಿದ್ದರೂ, ಒಳ್ಳೆಯ ಆಸ್ಪತ್ರೆ.

ಸಮಸ್ಯೆ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಲೆಕ್ಕ ಸಾಕು. 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ತೀವ್ರ ಮಾನಸಿಕ ಕಾಯಿಲೆ ಇರುವ ನಾಲ್ವರಲ್ಲಿ ಸುಮಾರು ಮೂವರು ಚಿಕಿತ್ಸೆಯಿಂದ ಹೊರಗಿದ್ದರು. ಮನೋವೈದ್ಯರನ್ನು ತಯಾರು ಮಾಡಿಯೇ ಈ ಅಂತರ ತುಂಬುತ್ತೇವೆ ಎಂದು ಕೂತರೆ ಒಂದು ತಲೆಮಾರೇ ಕಳೆದುಹೋಗುತ್ತದೆ. ಇರುವ ಜನರಿಂದಲೇ ಕೆಲಸ ಆಗಬೇಕು.

ಅದು ಸಾಧ್ಯ ಎಂದು ದೇಶಕ್ಕೆ ತೋರಿಸಿದ್ದರಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. 1970ರ ದಶಕದಲ್ಲೇ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿಯ ಜನರ ನಡುವೆ ಕೆಲಸ ಶುರು ಮಾಡಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಿಗಳನ್ನು ಒದಗಿಸಿ, ಸರಳ ದಾಖಲೆ ಇಟ್ಟು, ಜಿಲ್ಲಾ ಮಟ್ಟದ ತಂಡದಿಂದ ಮೇಲ್ವಿಚಾರಣೆ ನಡೆಸಿದರು. 1996ರಲ್ಲಿ ಬಂದ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಅಡಿಪಾಯ.

ಆದರೆ ಒಂದು ಮಾದರಿ ಊರೂರಿಗೆ ಹೋಗುವಾಗ ಸುಲಭವಾದ ಭಾಗ ಮುಂದೆ ಹೋಗುತ್ತದೆ, ಕಷ್ಟದ ಭಾಗ ಹಿಂದೆ ಉಳಿಯುತ್ತದೆ. ತರಬೇತಿ ನಡೆಸುವುದು ಸುಲಭ. ಪ್ರತಿ ತಿಂಗಳೂ ಔಷಧಿ ಮುಗಿಯದಂತೆ ನೋಡಿಕೊಳ್ಳುವುದು, ತರಬೇತಾದವರ ಬೆನ್ನಿಗೆ ನಿಲ್ಲುವುದು ಕಷ್ಟ. ಗುಣಮಟ್ಟ ಸೋರಿಹೋಗುವುದು ಅಲ್ಲೇ. ಅದನ್ನು ತಡೆಯಲು ಏನು ಮಾಡಬಹುದು?

ಮೊದಲನೆಯದು ಔಷಧಿ. ಹತ್ತು ಬಗೆಯ ಹೊಸ ಮಾತ್ರೆ ಬೇಡ, ಬೇಕಾದ ನಾಲ್ಕಾರು ಹಳೆಯ ಔಷಧಿಗಳು ವರ್ಷದ ಹನ್ನೆರಡು ತಿಂಗಳೂ ಸಿಗಬೇಕು. ಸ್ಕಿಜೋಫ್ರೇನಿಯಾದಲ್ಲಿ ಔಷಧಿ ನಿಂತರೆ ಕಾಯಿಲೆ ಮರುಕಳಿಸುವ ಅಪಾಯ ಬಹಳ ಹೆಚ್ಚು.

ಎರಡನೆಯದು ಬಾರದವರ ಪಟ್ಟಿ. ಕ್ಲಿನಿಕ್ ಮುಗಿದ ಸಂಜೆ ನರ್ಸ್ ರಿಜಿಸ್ಟರ್ ತೆರೆದು, ಬರಬೇಕಾಗಿದ್ದು ಬಾರದವರ ಹೆಸರು ಬರೆದು, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರೆ ಆಯಿತು. ಇದಕ್ಕೆ ತಗಲುವುದು ಅರ್ಧ ಗಂಟೆ. ತೀರ್ಥಹಳ್ಳಿ ತಾಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಜೊತೆಗಿದ್ದಾರೆ. ಅಲ್ಲಿಯ ಬಲ ಇರುವುದು ಬಿಡದೆ ಹಿಂಬಾಲಿಸುವುದರಲ್ಲಿ.

ಮೂರನೆಯದು ಮಾತು. ಖಿನ್ನತೆಗೆ, ಆತಂಕಕ್ಕೆ ಕೂತು ಕೇಳುವವರು ಬೇಕು, ಅವರು ಡಾಕ್ಟರೇ ಆಗಬೇಕಿಲ್ಲ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು, ವೈದ್ಯಕೀಯ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತಸಮಾಲೋಚಕರಾಗಿ ನೇಮಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವರಿದ್ದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆರು ತಿಂಗಳಲ್ಲಿ 100ಕ್ಕೆ ಸುಮಾರು 66 ಜನ ಚೇತರಿಸಿಕೊಂಡಿದ್ದರು. ಅವರಿಲ್ಲದ ಕೇಂದ್ರಗಳಲ್ಲಿ ಸುಮಾರು 42. ಈ ಸಮಾಲೋಚಕರನ್ನು ತರಬೇತಿ ಕೊಟ್ಟು ಕೈಬಿಡಲಿಲ್ಲ, ಮನೋವೈದ್ಯರು ಅವರ ಹಿಂದೆ ಇದ್ದರು.

ನಾಲ್ಕನೆಯದು ಕಲಿಸುವ ರೀತಿ. ಮೂರು ದಿನದ ಕಮ್ಮಟದಲ್ಲಿ ಕೇಳಿದ್ದು ಮೂರು ತಿಂಗಳಲ್ಲಿ ಮರೆತುಹೋಗುತ್ತದೆ. ನಿಮ್ಹಾನ್ಸ್ ಈಗ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ವಿಡಿಯೊ ಮೂಲಕ, ಎದುರಿಗೆ ಅವರದೇ ರೋಗಿ ಕೂತಿರುವಾಗಲೇ ಕಲಿಸುತ್ತದೆ. ಇದು ಕೈಯಲ್ಲಿ ಉಳಿಯುವ ಕಲಿಕೆ.

ಇನ್ನು ನಿಮ್ಮ ಪಾಲು. ದೂರದಲ್ಲಿದ್ದು ನಾವೇನು ಮಾಡಲಾದೀತು ಎನ್ನಬೇಡಿ. ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ, ಮುಂದಿನ ಭೇಟಿಯ ತಾರೀಖು ಇರುವ ಚೀಟಿಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಆ ದಿನ ಫೋನ್ ಮಾಡಿ "ಹೋಗಿ ಬಂದ್ರಾ ಅಮ್ಮ, ಔಷಧಿ ಸಿಕ್ತಾ?" ಎಂದು ಕೇಳಿ. ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲವೆಂದರೆ ಆ ತಿಂಗಳ ಮಟ್ಟಿಗೆ ಅಂಗಡಿಯಲ್ಲಿ ಕೊಳ್ಳಲು ಹಣ ಕಳಿಸಿ. ತಿಂಗಳ ಔಷಧಿಗೆ ಕಳಿಸುವ ಆ ಸಣ್ಣ ಹಣ, ಆಮೇಲೆ ಅಡ್ಮಿಟ್ ಮಾಡಲು ಬೇಕಾಗುವ ಲಕ್ಷವನ್ನು ಉಳಿಸಬಹುದು. ಔಷಧಿ ಸಿಗದಿದ್ದಾಗ ಕೇಳುವುದು ಭಿಕ್ಷೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರ್ಕಾರಿ ಸೇವೆಯನ್ನು ಹಕ್ಕು ಎಂದಿದೆ. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಪರಿಗಣಿಸಬೇಕು ಎಂದೂ ಹೇಳಿದೆ. ಮನೆಯವರಿಗೆ ದಾರಿ ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಊರಿಗೆ ಸಹಾಯ ಮಾಡುವಾಗ ನಮ್ಮ ಸಂಘಗಳು ಯಂತ್ರ, ಮಂಚ, ಆಂಬುಲೆನ್ಸ್ ಕೊಡುತ್ತವೆ. ಒಳ್ಳೆಯದೇ. ಮುಂದಿನ ಸಲ ಒಂದು ತಾಲೂಕು ಆಸ್ಪತ್ರೆಗೆ ಹೋದಾಗ, "ಹೋದ ತಿಂಗಳು ಬಂದು ಈ ತಿಂಗಳು ಬಾರದವರು ಎಷ್ಟು ಜನ?" ಎಂದೂ ಕೇಳಿ. ಉತ್ತರ ಗೊತ್ತಿಲ್ಲವೆಂದರೆ, ಸಹಾಯ ಅಲ್ಲಿಂದ ಶುರುವಾಗಲಿ.

ಆ ಅಣ್ಣ ಈಗ ಮತ್ತೆ ಅಡಿಕೆ ಸುಲಿಯಲು ಹೋಗುತ್ತಿದ್ದಾನೆ. ತಮ್ಮನ ಸಾಲ ಇನ್ನೂ ತೀರಿಲ್ಲ. ತಿಂಗಳಿಗೊಂದು ಮಂಗಳವಾರ ಅವನು ಸೈಟಿನಿಂದಲೇ ಮನೆಗೆ ಫೋನ್ ಮಾಡುತ್ತಾನೆ.