ಒಗರಿನ ಗುಣದೋಷಗಳು

ನಮ್ಮ ಹಿರಿಯರು ಎಣಿಸಿದ ಆರು ರಸಗಳಲ್ಲಿ ಒಗರಿಗೆ ಕೊನೆಯ ಸ್ಥಾನ. ಸಿಹಿಯನ್ನು ಬಯಸುವವರುಂಟು, ಖಾರವನ್ನು ಮೆಚ್ಚುವವರುಂಟು; ಒಗರನ್ನು ಕೇಳಿ ಬಡಿಸಿಕೊಳ್ಳುವವರು ವಿರಳ. ಆದರೂ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಅನೇಕ ಸಂಸಾರಗಳ ಯೋಗಕ್ಷೇಮವು ಒಗರನ್ನೇ ನೆಚ್ಚಿಕೊಂಡಿದೆ. ಅಲ್ಲಿಯ ತೋಟಗಳ ಅಡಕೆ ಒಗರು. ಎಳೆಯ ಅಡಕೆಯನ್ನು ಬೇಯಿಸಿದಾಗ ದೊರೆಯುವ ಕೆಂಪುನೀರಾದ ಚೊಗರಂತೂ ಒಗರಿನ ಸಾರವೇ ಸರಿ. ನೆಲ್ಲಿಯಲ್ಲಿಯೂ ನೇರಳೆಯಲ್ಲಿಯೂ ಇದೇ ರಸವುಂಟು. ಇದರ ಮೂಲವಾವುದು, ಇದು ದೇಹಕ್ಕೆ ಹಿತವೋ ಅಹಿತವೋ ಎಂಬುದನ್ನು ಈಗ ವಿಚಾರಮಾಡೋಣ.

ಸಸ್ಯಗಳಲ್ಲಿ ಪಾಲಿಫೀನಾಲ್ ಎಂಬ ವಸ್ತುಗಳ ದೊಡ್ಡದೊಂದು ಕುಲವಿದೆ. ನೇರಳೆಯ ಬಣ್ಣವೂ ಕೆಂಪಕ್ಕಿಯ ತೌಡಿನ ಬಣ್ಣವೂ ಈ ಕುಲದವೇ. ಇದರಲ್ಲಿ ಟ್ಯಾನಿನ್ ಎಂಬ ಪಂಗಡವು ಬಾಯಿಯ ಲಾಲಾರಸದ ಪ್ರೋಟೀನುಗಳನ್ನು ಹಿಡಿದು ಗಟ್ಟಿಮಾಡುತ್ತದೆ. ಆಗ ನುಣುಪು ತಪ್ಪಿ ಬಾಯಿ ಒಗರಾಗುವುದು. ತಂಗಡಿಯ ತೊಗಟೆಯಿಂದ ಚರ್ಮವನ್ನು ಹದಮಾಡುವುದೂ ಇದೇ ಗುಣದ ಬಲದಿಂದ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು.

1936ರಲ್ಲಿ ಹಂಗೆರಿಯ ವಿಜ್ಞಾನಿ ಸೆಂಟ್ ಜ್ಯೋರ್ಜಿಯವರು ನಿಂಬೆಯ ಜಾತಿಯ ಹಣ್ಣುಗಳಲ್ಲಿದ್ದ ಇಂತಹ ವಸ್ತುಗಳಿಗೆ ವಿಟಮಿನ್ ಪಿ ಎಂದು ಹೆಸರಿಟ್ಟರು. ಅವು ವಿಟಮಿನ್ನುಗಳಲ್ಲವೆಂದು ಮುಂದೆ ತಿಳಿದುಬಂದು ಆ ಹೆಸರು ಬಿದ್ದುಹೋಯಿತು. ಕೀರ್ತಿ ಮಾತ್ರ ಬೆಳೆಯಿತು. ಪ್ರಯೋಗಶಾಲೆಯ ನಳಿಗೆಯಲ್ಲಿ ಪಾಲಿಫೀನಾಲುಗಳು ಉತ್ಕರ್ಷಣವನ್ನು ತಡೆಯುವುದು ನಿಜ. ಆದರೆ ನಾವು ತಿಂದುದರಲ್ಲಿ ಅಲ್ಪಭಾಗವೇ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಉಳಿದುದು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ಪಾಲಾಗಿ ರೂಪಾಂತರ ಹೊಂದುತ್ತದೆ. ಹಣ್ಣು, ಸೊಪ್ಪು, ತೌಡುಳಿದ ಧಾನ್ಯಗಳು ಹೃದಯಕ್ಕೆ ಹಿತವೆಂಬುದರಲ್ಲಿ ಸಂದೇಹವಿಲ್ಲ. ಆ ಪುಣ್ಯವನ್ನೆಲ್ಲಾ ಒಂದೇ ವಸ್ತುವಿನ ಲೆಕ್ಕಕ್ಕೆ ಬರೆಯುವುದು ಮಾತ್ರ ಯುಕ್ತವಲ್ಲ.

ಇದಕ್ಕೆ ಅಡಕೆಯೇ ನಿದರ್ಶನ. ಅಡಕೆಯಲ್ಲಿ, ಅದರಲ್ಲಿಯೂ ಎಳೆಯ ಕಾಯಲ್ಲಿ, ಪಾಲಿಫೀನಾಲುಗಳು ಯಥೇಚ್ಛವಾಗಿವೆ. ಆದುದರಿಂದ ಅಡಕೆ ಆರೋಗ್ಯಕರವೆಂದು ವಾದಿಸುವವರುಂಟು. ಅವರು ಅರೆಕೊಲೀನ್ ಎಂಬ ಕ್ಷಾರಾಭವನ್ನು ಮರೆಯುತ್ತಾರೆ. ಅದು ಕೆನ್ನೆಯೊಳಗಿನ ಜೀವಕೋಶಗಳನ್ನು ಕೆರಳಿಸಿ ನಾರನ್ನು ಹೆಚ್ಚಾಗಿ ಹುಟ್ಟಿಸುತ್ತದೆ. ಟ್ಯಾನಿನ್ ಆ ನಾರನ್ನು ತೊಗಲಿನಂತೆಯೇ ಹದಮಾಡಿ, ದೇಹವು ಅದನ್ನು ಕರಗಿಸಲಾರದಂತೆ ಮಾಡುತ್ತದೆ. ಸುಣ್ಣ ಸೇರಿದೊಡನೆ ಪಾಲಿಫೀನಾಲುಗಳು ತಾವೇ ಉತ್ಕರ್ಷಣಗೊಂಡು ಕೋಶಗಳಿಗೆ ಹಾನಿಕರವಾದ ಕಣಗಳನ್ನು ಹೊರಪಡಿಸುತ್ತವೆ. ತಾಂಬೂಲದ ಕೆಂಪು ಈ ಕ್ರಿಯೆಯ ಗುರುತು. ಕ್ರಮೇಣ ಕೆನ್ನೆ ಬಿಗಿದು ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಕೆಲವರಲ್ಲಿ ಇದು ಅರ್ಬುದಕ್ಕೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪಿಲ್ಲದ ತಾಂಬೂಲವೂ ಅಡಕೆಯೂ ಅರ್ಬುದಕಾರಕಗಳೆಂದು ನಿರ್ಣಯಿಸಿತು. ಹೊಗೆಸೊಪ್ಪು ಕೂಡಿದರೆ ಅಪಾಯ ಇನ್ನೂ ಹೆಚ್ಚು.

ಈ ಮಾತು ಬೆಳೆಗಾರರಿಗೆ ಕಹಿಯಾದೀತು. ತೋಟದ ಆದಾಯದಿಂದಲೇ ಮಕ್ಕಳ ವಿದ್ಯೆಯೂ ಸಾಲದ ಕಂತೂ ಸಾಗಬೇಕಾಗಿರುವಾಗ ಅದನ್ನು ಹಗುರವಾಗಿ ಆಡಲಾಗದು. ಚೊಗರು ಬಟ್ಟೆಗೆ ಬಣ್ಣವಾಗಬಲ್ಲದು. ಇಂತಹ ಉಪಯೋಗಗಳು ಬೆಳೆಯಲೆಂದು ಹಾರೈಸೋಣ. ಆದರೆ ಬೆಳೆಯ ಮೇಲಿನ ಅಭಿಮಾನದಿಂದ ರೋಗವನ್ನು ಮುಚ್ಚಿಡುವುದು ಬೆಳೆದವನಿಗೂ ಹಿತವಲ್ಲ, ಅಗಿಯುವವನಿಗೂ ಹಿತವಲ್ಲ.

ಹಾಗಾದರೆ ಒಗರನ್ನೇ ತೊರೆಯಬೇಕೆ? ಬೇಕಾಗಿಲ್ಲ. ಮಲೆನಾಡಿನ ಅಡಿಗೆಮನೆಯಲ್ಲಿ ನೆಲ್ಲಿಕಾಯಿಯನ್ನು ತೆಂಗಿನೊಡನೆ ಅರೆದು ಮಜ್ಜಿಗೆ ಬೆರೆಸಿ ತಂಬುಳಿ ಮಾಡುವರಷ್ಟೆ. ಮಜ್ಜಿಗೆಯ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಂಡು ಒಗರನ್ನು ಸೌಮ್ಯಗೊಳಿಸುತ್ತದೆ. ಚಹವನ್ನು ಮಾತ್ರ ಊಟದೊಡನೆ ಸೇವಿಸಬಾರದು; ಅದರ ಟ್ಯಾನಿನ್ ಸೊಪ್ಪು ಕಾಳುಗಳ ಕಬ್ಬಿಣವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. ರಕ್ತಹೀನತೆಯುಳ್ಳ ಹೆಂಗಸರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಊಟಕ್ಕೆ ನಿಂಬೆಯ ರಸವನ್ನು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಅಡಕೆ ಅಗಿಯುವವರು ಆ ಅಭ್ಯಾಸವನ್ನು ಬಿಡುವುದೇ ಲೇಸು. ಖಾರ ತಾಗಿದೊಡನೆ ಬಾಯಿ ಉರಿಯುತ್ತಿದ್ದರೆ, ಅಥವಾ ಮೂರು ಬೆರಳು ಒಟ್ಟಾಗಿ ಬಾಯೊಳಗೆ ಹಿಡಿಯದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.