ಮಂಗನ ಕಾಯಿಲೆ: ಕಾಡು ಬಿಟ್ಟುಕೊಡದ ಗುಟ್ಟು

ಭಟ್ಕಳ, ಹೊನ್ನಾವರ, ಕುಮಟಾದ ಘಟ್ಟದ ಬುಡದ ಹಳ್ಳಿಗಳಲ್ಲಿ ಬೇಸಿಗೆ ಹತ್ತಿರವಾದಂತೆ ಬೆಟ್ಟಕ್ಕೆ ಹೋಗಿ ದರಕು ಗುಡಿಸುವ ಕೆಲಸ ಶುರುವಾಗುತ್ತದೆ. ಆ ದಿನಗಳಲ್ಲಿ ಮಂಗ ಸತ್ತು ಬಿದ್ದಿದೆಯೆಂಬ ಸುದ್ದಿ ಬಂದರೆ ಹಿರಿಯರ ಎದೆ ಝಲ್ಲೆನ್ನುತ್ತದೆ. ಮಂಗ ಸತ್ತರೆ ಮನುಷ್ಯನಿಗೇಕೆ ಜ್ವರ? ಇದರ ಹಿಂದೆ ಒಂದು ವಿಚಿತ್ರ ಕಥೆಯಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತಿದ್ದವು. ಭಾರತದಲ್ಲಿ ಎಂದೂ ಕಾಣದ ಆ ರೋಗವೇ ಬಂದಿತೇ ಎಂದು ವಿಜ್ಞಾನಿಗಳು ಗಾಬರಿಗೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸದೇ ಆದ ವೈರಸ್. ಅದರ ನೆಂಟಸ್ತಿಕೆ ಇದ್ದದ್ದು ರಷ್ಯಾದ ಚಳಿನಾಡಿನಲ್ಲಿ ಉಣ್ಣಿಯಿಂದ ಹರಡುವ ಮಿದುಳು ಜ್ವರದ ವೈರಸ್ಸಿನೊಡನೆ!

ಸೈಬೀರಿಯಾ ಎಲ್ಲಿ, ಮಲೆನಾಡು ಎಲ್ಲಿ? ವಲಸೆ ಹಕ್ಕಿಗಳು ತಂದಿರಬಹುದೆಂದು ಕೆಲವರು ಊಹಿಸಿದರು, ಅದು ಸಾಬೀತಾಗಲಿಲ್ಲ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಇದರ ಅತಿ ಹತ್ತಿರದ ಸಂಬಂಧಿ ಪತ್ತೆಯಾಯಿತು. ಅಲ್ಲಿ ಅದು ಕಾಣಿಸಿಕೊಂಡದ್ದು ಕುರಿ, ಒಂಟೆ, ಮಾಂಸದ ಒಡನಾಟವಿದ್ದ ಜನರಲ್ಲಿ. ಇವೆರಡೂ ಬೇರೆಯಾದದ್ದು ಯಾವಾಗ? ವಂಶವಾಹಿಗಳನ್ನು ಹೋಲಿಸಿ ಲೆಕ್ಕ ಹಾಕಿದ ಒಂದು ತಂಡ 1940ರ ದಶಕ ಎಂದಿತು. ಇನ್ನೊಂದು ಸುಮಾರು 700 ವರ್ಷಗಳ ಹಿಂದೆ ಎಂದಿತು. ಗುಟ್ಟು ಇನ್ನೂ ರಟ್ಟಾಗಿಲ್ಲ.

ತಪ್ಪು ಮಂಗನದಲ್ಲ

ಆದರೆ ರೋಗ ಮನೆಗೆ ಬರುವ ದಾರಿ ಮಾತ್ರ ಗೊತ್ತಿದೆ. ವೈರಸ್ ಕಾಡಿನ ಇಲಿ ಮುಂತಾದ ಸಣ್ಣ ಪ್ರಾಣಿಗಳಲ್ಲಿ ಮತ್ತು ಉಣುಗಿನಲ್ಲಿ ಇರುತ್ತದೆ. ಮುಸಿಯ, ಕೆಂಪು ಮಂಗಗಳೂ ನಮ್ಮಂತೆ ಅದಕ್ಕೆ ಬಲಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಉದುರಿ, ಅಲ್ಲಿ ಓಡಾಡಿದವರಿಗೆ ಹತ್ತುತ್ತದೆ. ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಆರೈಕೆ ಮಾಡಲು ಹೆದರಬೇಕಿಲ್ಲ.

ಲಕ್ಷಣಗಳು

ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಚಳಿ, ಜ್ವರ, ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತೀವ್ರ ನೋವು, ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬರುತ್ತದೆ. ಜ್ವರ ಬಿಟ್ಟಿತೆಂದು ನಿಶ್ಚಿಂತೆಯಾಗಿರುವಂತಿಲ್ಲ. ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಮರುಕಳಿಸಿ ಮಿದುಳಿಗೆ ತೊಂದರೆಯಾಗಬಹುದು. ನೂರಕ್ಕೆ 3ರಿಂದ 5 ರೋಗಿಗಳು ಸಾವಿಗೀಡಾಗುತ್ತಾರೆ.

ಏನು ಮಾಡಬೇಕು?

ಈ ವೈರಸ್ಸನ್ನೇ ಕೊಲ್ಲುವ ಔಷಧಿಯಿಲ್ಲ. ಹಳೆಯ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದ್ದರಿಂದ ಉಣುಗಿನಿಂದ ದೂರವಿರುವುದೇ ರಕ್ಷಣೆ. ನವೆಂಬರಿನಿಂದ ಮೇವರೆಗೆ ಬೆಟ್ಟಕ್ಕೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ. ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಸರ್ಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಕೇಳದಿದ್ದರೂ ಒಂದು ಮಾತು ಹೇಳಿ: “ಬೆಟ್ಟಕ್ಕೆ ಹೋಗಿದ್ದೆ.” ಸಕಾಲದಲ್ಲಿ ರಕ್ತಪರೀಕ್ಷೆ ನಡೆದು ಜೀವ ಉಳಿಯಲು ಆ ಒಂದು ಮಾತೇ ಕಾರಣವಾದೀತು.